ಮಡಚದ ಕಾಲಿಗೆ ಇಪ್ಪತ್ತು ಶೇಕಡಾ

15-11-2024, ಶುಕ್ರವಾರ. ಫರಂಗಿಪೇಟೆ.

ಇಪ್ಪತ್ತು ಶೇಕಡಾ! ದಿನವಿಡೀ ಅದೇ ಅಂಕಿ ತಲೆ ಕೊರೆಯುತ್ತಿದೆ. ನನ್ನನ್ನು ಸೇನೆಯಿಂದ ಮನೆಗೆ ಕಳಿಸಲು ಸಾಕಾದ ಮೊಣಕಾಲು, ಅಂಗವೈಕಲ್ಯ ಪಿಂಚಣಿ ಲೆಕ್ಕ ಹಾಕುವ ವೈದ್ಯಕೀಯ ಮಂಡಳಿಯ ಕಾಗದದಲ್ಲಿ ಅಷ್ಟೇ ಕೆಟ್ಟಿದೆಯಂತೆ.

ತಪ್ಪು ನನ್ನದೂ ಉಂಟು. ಮಂಡಳಿಯ ಪರೀಕ್ಷೆಯ ದಿನ ಡಾಕ್ಟರು ಕೂತು ತೋರಿಸು ಎಂದಾಗ ಹಲ್ಲು ಕಚ್ಚಿ ಕುಕ್ಕರುಗಾಲಿನಲ್ಲಿ ಕೂತೆ. ನೋವಿದೆಯೇ ಎಂದರೆ "ಠೀಕ್ ಹೂಂ ಸಾಬ್", ಸರಿಯಾಗಿದ್ದೇನೆ ಎಂದೆ. ಹದಿನಾರು ವರ್ಷ ಬೇರೆ ಉತ್ತರವನ್ನೇ ಕೊಟ್ಟವನಲ್ಲ.

ಸಂಜೆ ಆ ಅಂಕಿಯ ವಿರುದ್ಧ ಮೇಲ್ಮನವಿ ಬರೆಯಲು ಕೂತಾಗ ಹೆಂಡತಿ ಜುವೈರಿಯಾ ಕೇಳಿದಳು, "ಕಾಲು ಹೇಗುಂಟು?"

"ಏನಿಲ್ಲ, ಪರವಾಗಿಲ್ಲ."

"ಹೌದಾ? ಹಾಗಾದ್ರೆ ಅದನ್ನೇ ಬರೆದು ಕಳಿಸಿ. ಮತ್ತೆ ಜುಮಾ ನಮಾಜಿಗೆ ಕುರ್ಚಿ ಯಾಕೆ ನಿಮಗೆ?"

ನಲವತ್ತು ತುಂಬುವ ಮೊದಲೇ ಮಸೀದಿಯಲ್ಲಿ ಮುದುಕರ ಜೊತೆ ಕುರ್ಚಿಯಲ್ಲಿ ಕೂತು ನಮಾಜು ಮಾಡುವವನು ನಾನು. ಅಲ್ಲಾಹನ ಮುಂದೆ ಮಡಚಲಾಗದ ಕಾಲನ್ನು ಮೂವರು ಡಾಕ್ಟರರ ಮುಂದೆ ಮಡಚಿದೆನಲ್ಲ!

ಮೇಲ್ಮನವಿಯ ಮೊದಲ ಸಾಲಾಗಿ ಅದನ್ನೇ ಬರೆದಿದ್ದೇನೆ. ತಳ್ಳಿಹಾಕಿದರೆ ಸೇನಾ ಟ್ರಿಬ್ಯೂನಲ್ ಉಂಟು, ಅಲ್ಲಿಗೂ ಹೋಗುತ್ತೇನೆ. ಮತ್ತೆ ಪರೀಕ್ಷೆಗೆ ಕರೆಯುವುದಾದರೆ ಕರೆಯಲಿ. ಈ ಸಲ ಕೂರು ಎಂದರೆ, ಕುರ್ಚಿ ಕೇಳುತ್ತೇನೆ.