ಅಂಚಿನಲ್ಲಿ ಮಡಿಸಿಟ್ಟ ಬಟ್ಟೆ

ಅಮ್ಮಾ,

ನಾನು ಬೆಳೆಯುತ್ತೇನೆಂದು ನೀನು ಪ್ಯಾಂಟಿನ ಅಂಚಿನಲ್ಲಿ ಮಡಿಸಿ ಹೊಲಿದಿದ್ದ ಬಟ್ಟೆಯನ್ನು ಕತ್ತರಿಸಿಬಿಟ್ಟೆ, ಬೈಯಬೇಡ. ನನ್ನ ದೊಗಳೆ ಬಟ್ಟೆಗೆ ‘ಚೀಲ’ ಎಂದು ಹೆಸರಿಟ್ಟು ವರ್ಷವಿಡೀ ಗೋಳು ಹೊಯ್ದುಕೊಂಡ ಸೀನಿಯರ್ ಇದ್ದಾನಲ್ಲ, ಕಾಲೇಜು ನಾಟಕದ ದಿನ ವೇದಿಕೆ ಹತ್ತುವ ಮುಂಚೆ ಅವನ ಪ್ಯಾಂಟು ಹಿಂದೆ ಹರಿಯಿತು. ಸಿದ್ಧ ಉಡುಪು; ಒಳಗೆ ಬೆರಳಗಲ ಬಟ್ಟೆಯನ್ನೂ ಬಿಟ್ಟಿರಲಿಲ್ಲ. ನಾನು ನೋಡಿ ನಗಬಹುದಿತ್ತು. ಅದರ ಬದಲು ಅವನನ್ನು ಬೆಂಚಿನ ಮೇಲೆ ಬೋರಲು ಮಲಗಿಸಿ, ನನ್ನ ಪ್ಯಾಂಟಿನ ಅಂಚಿನಿಂದ ಕತ್ತರಿಸಿದ ಆ ಬಟ್ಟೆಯಿಂದ ತೇಪೆ ಹಾಕಿದೆ. “ಅಲ್ಲಾಡಿದ್ರೆ ಸೂಜಿ ಚುಚ್ಚುತ್ತೆ” ಎಂದೆ. ಉಸಿರು ಬಿಗಿಹಿಡಿದು ಮಲಗಿದ್ದ.

ಇವತ್ತು ಕ್ಯಾಂಟೀನಿನಲ್ಲಿ ಕುರ್ಚಿ ಎಳೆದು, “ಬಾರೋ ಚೀಲ, ಕೂತ್ಕೋ” ಎಂದ. ಕೂತೆ.

ಹಾಸ್ಟೆಲಿನವರೆಲ್ಲ ಹರಿದದ್ದು ತರುತ್ತಿದ್ದಾರೆ, ಕಪ್ಪು ದಾರ ಕಳಿಸು. ಮುಂದಿನ ಪ್ಯಾಂಟನ್ನು ನನ್ನ ಅಳತೆಗೇ ಹೊಲಿ. ಬೆಳೆಯುವಷ್ಟು ಬೆಳೆದಾಯಿತು.

ನಿನ್ನ ಮಗ