ಹೆಸರಿನ ಪಕ್ಕದ ಕಂಸ

ಹೊನ್ನಾಳಿ
ಸೋಮವಾರ, ೧೦-೧೧-೨೦೨೫

ಪ್ರೀತಿಯ ಚೈತ್ರಾ,

ಮದುಮಗಳಾಗಲಿರುವ ನಿನಗೆ ಅಕ್ಕನ ಆಶೀರ್ವಾದ. ಅವ್ವನ ಮಂಡಿನೋವು ಕಡಿಮೆಯಾಗಿದೆಯೆಂದು ತಿಳಿದು ಸಮಾಧಾನವಾಯಿತು. ನಾನಿಲ್ಲಿ ಗಟ್ಟಿಯಾಗಿದ್ದೇನೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಜಗಳವಾಡಲು ಗಿರಾಕಿಗಳಿದ್ದಾರೆ. ಇನ್ನೇನು ಬೇಕು?

ನಿನ್ನ ಪ್ರಶ್ನೆಗೆ ಉತ್ತರ ಕೊಡಲು ಇಷ್ಟು ದಿನ ಹಿಡಿಯಿತು, ಬೇಜಾರು ಮಾಡಿಕೊಳ್ಳಬೇಡ. ದೀಪಾವಳಿ ಮುಗಿದದ್ದೇ ತಡ, ಮದುವೆ ಸೀಸನ್ ಶುರುವಾಯಿತು. ಊರ ಹೆಣ್ಣುಮಕ್ಕಳ ಹೆಸರಿಗೆಲ್ಲ ಚಿ.ಸೌ. ಹಾಕಿ ಕಾರ್ಡು ಮಾಡುವುದರಲ್ಲಿ ಸ್ವಂತ ತಂಗಿಗೆ ಎರಡು ಸಾಲು ಬರೆಯಲು ಪುರುಸೊತ್ತಾಗಲಿಲ್ಲ. ವಾಟ್ಸಾಪಿನಲ್ಲಿ ಬರೆಯಬಹುದಿತ್ತು. ಆದರೆ ನೀನು ಅರ್ಧ ಓದಿ ಹೆಬ್ಬೆರಳಿನ ಚಿತ್ರ ಕಳಿಸುವವಳು. ಮನೆಯ ವಿಳಾಸಕ್ಕೆ ಹಾಕಿದರೆ ಅಪ್ಪಾಜಿ ಒಡೆದು ಓದುತ್ತಾರೆ. ಅದಕ್ಕೆ ಚನ್ನಗಿರಿಯ ನಿನ್ನ ಶಾಲೆಗೇ ಕಳಿಸುತ್ತಿದ್ದೇನೆ. ಮಕ್ಕಳನ್ನು ಆಟಕ್ಕೆ ಬಿಟ್ಟು, ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಪೂರ್ತಿ ಓದು.

ನೀನು ಫೋನಿನಲ್ಲಿ ಕೇಳಿದ್ದು ಇಷ್ಟು: "ಅಕ್ಕ, ಮದ್ವೆಗೆ ಬರ್ತೀಯ ತಾನೆ? ಜಗಳೂರಿನೋರು ಯಾರಾದ್ರೂ ಕೇಳಿದ್ರೆ ಇನ್ನೂ ಕಂಪ್ನಿಯಾಗೇ ಇದೀನಿ ಅಂದ್ಬಿಡು. ಎರಡ್ ದಿನದ ಮಾತು. ನಿನ್ ಗಂಟೇನ್ ಹೋಗ್ತೈತೆ?"

ಬರುತ್ತೇನೆ. ಆದರೆ ಹಾಗೆ ಹೇಳುವುದಿಲ್ಲ. ನನ್ನ ಗಂಟು ಹೋಗುತ್ತದೆ ಚೈತ್ರಾ, ದೊಡ್ಡದೇ ಹೋಗುತ್ತದೆ. ಏನು ಹೋಗುತ್ತದೆಂದು ನಿನಗೆ ತಿಳಿಯಲಿ ಎಂದೇ ಕೂತು ಬರೆಯುತ್ತಿದ್ದೇನೆ.

ಪರಶುರಾಮ್ ಮನೆಯವರು ಜಗಳೂರಿನಿಂದ ನಿನ್ನನ್ನು ನೋಡಲು ಬಂದ ದಿನ ನೀನು ಒಳಗೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದೆ. ಹೊರಗೆ ನಡೆದದ್ದು ಅಪ್ಪಾಜಿ ಹೇಳಿದಷ್ಟೇ ನಿನಗೆ ಗೊತ್ತು. ನಾನು ಮಂಡಕ್ಕಿ ಮಿರ್ಚಿಯ ತಟ್ಟೆ ಹಿಡಿದು ಬಂದೆ. ನಿನ್ನ ಅತ್ತೆಯಾಗುವ ಗಾದ್ರಮ್ಮನವರು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, "ದೊಡ್ಡ ಮಗಳು ಈಕೀನೇ ಏನ್ರಿ? ಏನ್ ಕೆಲ್ಸ ಮಾಡ್ತಾಳೆ?" ಎಂದರು. ಅಪ್ಪಾಜಿ ಶಾಲು ಸರಿಮಾಡಿಕೊಂಡು, "ಬೆಂಗಳೂರಾಗೆ ದೊಡ್ಡ ಕಂಪ್ನಿ ರೀ. ಸೀನಿಯರ್ ಡಿಸೈನರ್," ಎಂದರು.

ನಾನು ಅಷ್ಟರಲ್ಲಾಗಲೇ ರಾಜೀನಾಮೆ ಕೊಟ್ಟು, ಹೊನ್ನಾಳಿಯಲ್ಲಿ ರೂಮು ಹಿಡಿದು ಕಾರ್ಡು, ಫ್ಲೆಕ್ಸು ವಿನ್ಯಾಸದ ಸ್ವಂತ ಕೆಲಸ ಶುರುಮಾಡಿದ್ದೆ. ಅದು ಅಪ್ಪಾಜಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಬಿಟ್ಟಿದೀನ್ರಿ ಅಮ್ಮ. ಈಗ ಸ್ವಂತ ಮಾಡ್ತೀನಿ, ಇಲ್ಲೇ ಹೊನ್ನಾಳ್ಯಾಗೆ," ಎಂದೆ. ಗಾದ್ರಮ್ಮನವರು ಕೈಗೆ ತೆಗೆದುಕೊಂಡಿದ್ದ ಮಿರ್ಚಿಯನ್ನು ವಾಪಸ್ ತಟ್ಟೆಗಿಟ್ಟು, "ಅಯ್ಯೋ ಪಾಪ, ತೆಗೆದಾಕಿದ್ರೇನಮ್ಮ?" ಎಂದರು.

"ಇಲ್ರಿ. ನಾನೇ ಕಂಪ್ನೀನ ತೆಗೆದಾಕ್ದೆ."

ಆ ಅಮ್ಮ ನಕ್ಕರು, ದೇವರಾಣೆ. ಸೆರಗು ಬಾಯಿಗೆ ಹಿಡಿದು ನಕ್ಕು, ಮಿರ್ಚಿಯನ್ನೂ ತಿಂದರು. "ಬಾಯಿ ಜೋರೈತೆ ಹುಡುಗಿಗೆ," ಎಂದರು. ನಗದೆ ಕೂತವರು ಅಪ್ಪಾಜಿ ಒಬ್ಬರೇ.

ನೆಂಟರು ಹೋದ ಮೇಲೆ ಅಪ್ಪಾಜಿ ಕೂಗಾಡಿದ್ದು ಬಸವಾಪಟ್ಟಣಕ್ಕೆಲ್ಲ ಕೇಳಿಸಿರಬೇಕು. "ನಾಳೆ ಲಗ್ನಪತ್ರಿಕೆಯಾಗೆ ನಿನ್ ಹೆಸರಿನ ಪಕ್ಕ ಕಂಸದಾಗೆ ಏನ್ ಹಾಕ್ಸಲಿ? ಖಾಲಿ ಕಂಸ ಹಾಕ್ಸಲಾ?" ಎಂದರು. ನನಗೆ ನಗು ಬಂತು. ನಮ್ಮ ಕಡೆಯ ಕಾರ್ಡುಗಳನ್ನು ನೀನು ನೋಡಿಲ್ಲವೇ? ಸುಖಾಗಮನ ಬಯಸುವವರಲ್ಲಿ ಒಬ್ಬರದಾದರೂ ಬರೀ ಹೆಸರಿರುತ್ತದೆಯೇ? ಪಕ್ಕದಲ್ಲೊಂದು ಕಂಸ, ಅದರೊಳಗೆ ಕೆಲಸ, ಕಂಪನಿ, ಊರು. ನಿವೃತ್ತರಾದವರಿಗೆ 'ನಿವೃತ್ತ' ಎಂದು, ಮೊಮ್ಮಗುವಿಗೆ 'ಎಲ್.ಕೆ.ಜಿ.' ಎಂದು ಹಾಕಿಸುವ ಜನ ನಾವು. ಜಗಳೂರಿನ ಒಬ್ಬ ಗಿರಾಕಿ ತೊಟ್ಟಿಲ ಕೂಸಿಗೂ "ಏನಾದ್ರೂ ಒಂದ್ ಹಾಕ್ರಿ ಮೇಡಂ" ಎಂದು ದುಂಬಾಲು ಬಿದ್ದಿದ್ದರು.

"ನನಗೆ ಕಂಸಾನೇ ಬ್ಯಾಡ ಅಪ್ಪಾಜಿ. ಅದಿರ್ಲಿ, ನೀವ್ಯಾವ ಕಂಪ್ನಿ?" ಎಂದೆ.

ಹಾಗೆ ಕೇಳಿದ್ದು ತಪ್ಪೆಂದು ಅವ್ವ ಈಗಲೂ ಹೇಳುತ್ತಾಳೆ. ಏನು ತಪ್ಪು? ನಮ್ಮಪ್ಪ ಹಾಲೇಶಪ್ಪನವರ ಹಾರ್ಡ್‌ವೇರ್ ಅಂಗಡಿಯೆಂದರೆ ಸುತ್ತ ಹಳ್ಳಿಗೆಲ್ಲ ಗೊತ್ತು. ಜೀವಮಾನದಲ್ಲಿ ಒಬ್ಬರ ಕೈಕೆಳಗೆ ಒಂದು ದಿನ ದುಡಿದವರಲ್ಲ. ಅಪ್ಪ ಸ್ವಂತ ಮಾಡಿದರೆ ಗೌರವ, ಮಗಳು ಸ್ವಂತ ಮಾಡಿದರೆ ನಾಚಿಕೆಯೇ? ಮದುವೆಯ ಗೊಡವೆ ಬೇಡವೆಂದು ನಾನು ಮೊದಲೇ ಹೇಳಿಯಾಗಿತ್ತು. ಹಾಗಾಗಿ ಊರಿನವರ ಮುಂದೆ ಹೇಳಿಕೊಳ್ಳಲು ಅಪ್ಪಾಜಿಗೆ ಉಳಿದಿದ್ದದ್ದು ನನ್ನ ಕಂಪನಿಯೊಂದೇ. ಕಂಪನಿ ಕೊಟ್ಟ ಕ್ಯಾಲೆಂಡರು ವರ್ಷ ಮುಗಿದರೂ ಅಂಗಡಿಯ ಪೇಂಟ್ ಡಬ್ಬಗಳ ಮೇಲೆ ಇನ್ನೂ ನೇತಾಡುತ್ತಿದೆಯಲ್ಲ. ನನಗೆ ಅದೆಲ್ಲ ಅರ್ಥವಾಗುತ್ತದೆ. ಆದರೂ ಸಿಟ್ಟು ಬರುತ್ತದೆ. ಅಪ್ಪಾಜಿ ಟವೆಲ್ ಕೊಡವಿಕೊಂಡು ಎದ್ದುಹೋದರು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು.

ನೀನೂ ನನ್ನ ಆಫೀಸಿನ ಫೋಟೋ ನೋಡಿ "ಪುಣ್ಯ ಮಾಡಿದೀಯ ಕಣಕ್ಕ" ಎನ್ನುತ್ತಿದ್ದವಳು. ಗಾಜಿನ ಕಟ್ಟಡ, ಮೆತ್ತನೆ ಕುರ್ಚಿ, ಗುಂಡಿ ಒತ್ತಿದರೆ ಕಾಫಿ, ಎಲ್ಲ ನಿಜ. ನಾನಲ್ಲಿ ಮಾಡುತ್ತಿದ್ದುದೇನು ಗೊತ್ತೇ? ಆನ್‌ಲೈನ್ ಅಂಗಡಿಯಲ್ಲಿ 'ಈಗಲೇ ಕೊಳ್ಳಿ' ಎಂದು ಒತ್ತುವ ಒಂದು ಬಟನ್. ಅದರ ಮೂಲೆ ಎಷ್ಟು ದುಂಡಗಿರಬೇಕೆಂದು ಒಂದು ಬೇಸಿಗೆ ಪೂರ್ತಿ ಮೀಟಿಂಗ್ ನಡೆಯಿತು. ಕೊನೆಗೆ ಮೊದಲಿದ್ದ ಹಾಗೇ ಬಿಟ್ಟರು. ಆ ವರ್ಷ ಒಳ್ಳೆಯ ಕೆಲಸಕ್ಕೆಂದು ನನಗೆ ಬಹುಮಾನ ಬಂತು, ಅದೇ ಬಟನ್‌ಗೆ! ಚಪ್ಪಾಳೆ ತಟ್ಟಿದರು. ನಾನು ಮಾಡಿದ್ದನ್ನು ಯಾರೂ ಒಂದು ಸಲವಾದರೂ ಕೈಯಲ್ಲಿ ಹಿಡಿದು ನೋಡಿದ್ದಿಲ್ಲ.

ಹೋದ ವರ್ಷ ಗಣಪತಿ ಹಬ್ಬಕ್ಕೆ ಬಂದಾಗ ನ್ಯಾಮತಿಯ ಅಂತರಘಟ್ಟಮ್ಮನ ಶೇಂಗಾ ಚಟ್ನಿಪುಡಿಗೆ ಒಂದು ಲೇಬಲ್ ಮಾಡಿಕೊಟ್ಟೆ. ಅವ್ವನ ಗೆಳತಿಯಲ್ಲವೇ, ಇಲ್ಲವೆನ್ನಲಾಗಲಿಲ್ಲ. ಪೊಟ್ಟಣದ ಮೇಲೆ ನಿಮ್ಮ ಫೋಟೋ ಹಾಕೋಣ ಎಂದರೆ ಆಕೆ, "ಬ್ಯಾಡ ತಾಯಿ, ನನ್ ಮುಖ ನೋಡಿದ್ರೆ ಖಾರ ಜಾಸ್ತಿ ಐತೆ ಅಂತ ಯಾರೂ ತಗಳಲ್ಲ," ಎಂದಳು. ಆಕೆಯ ಹಿತ್ತಿಲಿನ ಒರಳುಕಲ್ಲಿನ ಚಿತ್ರ ಬರೆದುಕೊಟ್ಟೆ. ಮುಂದೆ ದಸರಾ ರಜೆ ಮುಗಿಸಿ ಹೊರಟಾಗ ನ್ಯಾಮತಿ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಒಬ್ಬ ಯಜಮಾನರು, "ಆ ಒರಳಿಂದು ಕೊಡಪ್ಪ," ಎಂದು ಕೈ ಚಾಚಿದರು. ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಚೀಲಕ್ಕೆ ಹಾಕಿಕೊಂಡರು. ಬೆಂಗಳೂರು ಮುಟ್ಟುವುದರೊಳಗೆ ಬಸ್ಸಿನಲ್ಲೇ ರಾಜೀನಾಮೆ ಬರೆದು ಮುಗಿಸಿದ್ದೆ.

ಸುಲಭ ಎಂದು ಹೇಳುವುದಿಲ್ಲ. "ಐದ್ ನಿಮಿಷದ ಕೆಲ್ಸ ಮೇಡಂ" ಎಂದು ಬಂದವರು ವಾರಗಟ್ಟಲೆ ಅರೆಯುತ್ತಾರೆ. ಫ್ಲೆಕ್ಸಿನಲ್ಲಿ ಸಂಘದ ಅಧ್ಯಕ್ಷರ ಮುಖ ದೊಡ್ಡದಾದರೆ ಉಪಾಧ್ಯಕ್ಷರಿಗೆ ಮುನಿಸು. ಕರೆಂಟು ಹೋದರೆ ಕೈಕಟ್ಟಿ ಕೂರಬೇಕು. ಕೆಲವು ತಿಂಗಳು ಹೆದರಿಕೆಯೂ ಆಗುತ್ತದೆ. ಆದರೆ ಹೆದರಿಕೆ ನನ್ನದು, ಬೈಸಿಕೊಳ್ಳುವುದು ನಾನು, ಕೆಲಸ ಚೆನ್ನಾದರೆ "ಹೊನ್ನಾಳಿ ಮೇಡಂ ಮಾಡಿದ್ದು" ಎನ್ನುತ್ತಾರೆ. ಇನ್ನೂ ಕಂಪನಿಯಲ್ಲಿದ್ದೇನೆ ಎಂದು ಕಲ್ಯಾಣಮಂಟಪದಲ್ಲಿ ನಿಂತು ಹೇಳಿದರೆ ಇದೆಲ್ಲ ಇಲ್ಲವೆಂದು ಹೇಳಿದಂತೆ. ಎರಡು ದಿನಕ್ಕಲ್ಲ, ಎರಡು ನಿಮಿಷಕ್ಕೂ ನಾನು ಹಾಗೆ ಹೇಳಲಾರೆ.

ಈಗ ಕಾರ್ಡಿನ ವಿಷಯ. ಕಾರ್ಡಿನ ಕಟ್ಟು ಮನೆಗೆ ಬಂದ ದಿನ ನೀನು ಅಳುತ್ತಾ ಫೋನ್ ಮಾಡಿದೆ. "ಅಪ್ಪಾಜಿ ನಿನ್ ಹೆಸರೇ ಹಾಕ್ಸಿಲ್ಲ ಕಣಕ್ಕ. ನಾನ್ ಎಷ್ಟ್ ಹೇಳಿದ್ರೂ ಕೇಳ್ಲಿಲ್ಲ. ನೀನು ಕಂಪ್ನಿ ಬಿಡದೇ ಇದ್ದಿದ್ರೆ ಹಾಕ್ಸಿರೋರು," ಎಂದೆ. ಅಳಬೇಡ, ಕಣ್ಣು ಊದಿಕೊಂಡರೆ ಮದುಮಗಳು ಚಂದ ಕಾಣುವುದಿಲ್ಲ ಎಂದು ನಾನೇ ನಿನಗೆ ಸಮಾಧಾನ ಹೇಳಿದೆ. ಸಿಟ್ಟು ಬರಲಿಲ್ಲವೇ ಎಂದರೆ, ಬಂತು. ಆ ಮಾತು ಆಮೇಲೆ.

ಮೊದಲು ನಿನಗೆ ಗೊತ್ತಿಲ್ಲದ ಒಂದು ಸುದ್ದಿ. ನಿನ್ನ ಲಗ್ನಪತ್ರಿಕೆ ಮಾಡಿದವಳು ನಾನು.

ಅಪ್ಪಾಜಿ ಕಾರ್ಡು ಹಾಕಿಸಲು ಹೋದದ್ದು ಚನ್ನಗಿರಿಯ ಗೌಸ್‌ಪೀರ್ ಸಾಹೇಬರ ಪ್ರೆಸ್ಸಿಗೆ. ಅಲ್ಲಿ ಮುದ್ರಣ ಮಾತ್ರ. ಅಕ್ಷರ, ಚಿತ್ರ ಜೋಡಿಸುವ ಕೆಲಸವನ್ನು ಸಾಹೇಬರು ಫೋನಿನಲ್ಲೇ ನನಗೆ ಕಳಿಸುತ್ತಾರೆ. ಅವರಿಗೆ ನಾನು ಬರೀ ಹೊನ್ನಾಳಿ ಮೇಡಂ, ಯಾರ ಮಗಳೆಂದು ಗೊತ್ತಿರಲಿಲ್ಲ. "ಬಸವಾಪಟ್ಟಣದ ಪಾರ್ಟಿ ಮೇಡಂ. ಹುಡುಗಿ ಅಪ್ಪ ಬಾಳ ಶಿಸ್ತಿನ ಮನುಷ್ಯ, ಸ್ವಲ್ಪ ಚಂದ ಆಗ್ಬೇಕು ನೋಡ್ರಿ," ಎಂದರು. ತೆರೆದು ನೋಡಿದರೆ ನಿನ್ನ ಹೆಸರು! ಅವ್ವನ ಧಾರೆ ಸೀರೆಯ ಅಂಚನ್ನು ನೆನಪಿನಿಂದ ಬರೆದು ಸುತ್ತ ಕೂರಿಸಿದೆ. ನಿನ್ನ ಹೆಸರನ್ನು ಕಂಪ್ಯೂಟರಿನ ಅಕ್ಷರದಲ್ಲಿ ಹಾಕದೆ ಕೈಯಾರೆ ಬರೆದೆ. ನಿನ್ನ ಪೂರ್ತಿ ಹೆಸರಿನ ಕೊನೆಗೂ ನನ್ನ ಹೆಸರಿನ ಕೊನೆಗೂ ಇರುವ 'ಶ್ರೀ' ಒಂದಕ್ಕೇ ಒಂದು ಸಂಜೆ ಹಿಡಿಯಿತು. "ಕಾರ್ಡ್ ಎಷ್ಟ್ ಚೆನ್ನಾಗಿ ಬಂದೈತೆ ಗೊತ್ತೇನಕ್ಕ" ಎಂದು ಅಳುವಿನ ಮಧ್ಯೆಯೂ ನೀನು ಹೇಳಿದಾಗ ನನಗೆ ಹೆಮ್ಮೆಯೇ ಆಯಿತು.

ಎಲ್ಲ ಮುಗಿದ ಮೇಲೆ ಸಾಹೇಬರಿಗೆ ನಿಜ ಹೇಳಿದೆ. "ಏನ್ ಮೇಡಂ ಇದು! ಸ್ವಂತ ತಂಗಿ ಕಾರ್ಡು, ಮೊದ್ಲೇ ಹೇಳಬಾರ್ದಾ?" ಎಂದು ಬೇಜಾರು ಮಾಡಿಕೊಂಡರು. ಆಮೇಲೆ, "ಪ್ರೆಸ್ಸಿನ ಹೆಸರು ಎಲ್ಲ ಕಾರ್ಡಿಗೂ ಹಿಂದ್ಗಡೆ ಹಾಕ್ತೀವಿ. ಅದನ್ನ ಬ್ಯಾಡ ಅನ್ನಾಕೆ ಯಾವ ಪಾರ್ಟಿಗೂ ಹಕ್ಕಿಲ್ಲ. ಅದ್ರ ಪಕ್ಕ ನಿಮ್ದೂ ಹಾಕ್ರಿ," ಎಂದರು.

ಕಾರ್ಡನ್ನು ತಿರುಗಿಸಿ ನೋಡು. ಹಿಂಬದಿಯ ತಳದಲ್ಲಿ, 'ವಿನ್ಯಾಸ: ವಿಜಯಶ್ರೀ, ಹೊನ್ನಾಳಿ' ಎಂದಿದೆ. ಕಂಸವಿಲ್ಲ. ಜಗಳೂರಿನ ನೆಂಟರಿಗೂ, ಅಂಗಡಿಯ ಗಿರಾಕಿಗಳಿಗೂ, ಬಸವಾಪಟ್ಟಣದ ಮನೆಮನೆಗೂ ನನ್ನ ಹೆಸರು ಹೋಗುತ್ತಿದೆ. ಅಪ್ಪಾಜಿಯೇ ಮೂಲೆಗೆ ಅರಿಶಿಣ ಹಚ್ಚಿ ಕೈಯಾರೆ ಕೊಟ್ಟು ಬರುತ್ತಿದ್ದಾರೆ. ಈಗ ಯಾರು ತೆಗೆಸುತ್ತಾರೋ ತೆಗೆಸಲಿ.

ಚಪ್ಪರದ ದಿನವೇ ಬಂದುಬಿಡುತ್ತೇನೆ. ಬಳೆ ತೊಡಿಸುವಾಗ ಪಕ್ಕದಲ್ಲಿರುತ್ತೇನೆ, ಪಂಕ್ತಿಯಲ್ಲಿ ಬಡಿಸುತ್ತೇನೆ. ಯಾರಾದರೂ ಏನು ಮಾಡಿಕೊಂಡಿದ್ದೀಯಮ್ಮ ಎಂದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಫೋನ್ ನಂಬರನ್ನೂ ಕೊಡುತ್ತೇನೆ. ಪರಶುರಾಮ್ ಒಳ್ಳೆಯ ಹುಡುಗ. ಇಬ್ಬರೂ ನಗುನಗುತ್ತಾ ಬಾಳಿ. ಹೋದ ಮನೆಯಲ್ಲಿ ತಲೆಯೆತ್ತಿ ಓಡಾಡು, ಯಾರಿಗೂ ಹೆದರಬೇಡ. ಅವ್ವನ ಮಂಡಿಗೆ ಎಣ್ಣೆ ತಿಕ್ಕುವುದನ್ನು ಮರೆಯಬೇಡ.

ಇಂತಿ ನಿನ್ನ ಅಕ್ಕ,
ವಿಜಯಶ್ರೀ

ತಾ.ಕ.: ಗೌಸ್‌ಪೀರ್ ಸಾಹೇಬರು ಮೊದಲು ಕಳಿಸಿದ ಅಪ್ಪಾಜಿಯ ಕೈಬರಹದಲ್ಲಿ ನನ್ನ ಹೆಸರಿತ್ತು, ಚೈತ್ರಾ. ಎಲ್ಲರಿಗಿಂತ ಮೇಲೆ ಇತ್ತು. ಪಕ್ಕದ ಕಂಸದಲ್ಲಿ ಏನೋ ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದರು: ಸ್ವಂತ ಉದ್ಯೋಗ, ಹೊನ್ನಾಳಿ. ಅದನ್ನು ನೋಡಿ ನಾನು ಅತ್ತುಬಿಟ್ಟೆ. ಆ ಖುಷಿಯಲ್ಲೇ ನಿನ್ನ ಹೆಸರನ್ನು ಕೈಯಲ್ಲಿ ಬರೆದದ್ದು. ಆಮೇಲೆ ಒಂದು ತಿದ್ದುಪಡಿ ಬಂತು. ಸಾಹೇಬರು ಆ ವಾಯ್ಸ್ ಮೆಸೇಜನ್ನು ಹಾಗೇ ನನಗೆ ದಾಟಿಸಿದರು. ನಿನ್ನ ಧ್ವನಿ. "ಅಂಕಲ್, ನಮ್ಮಕ್ಕಂದು ಒಂದ್ ಹೆಸರೈತೆ ನೋಡ್ರಿ, ಅದನ್ನ ತೆಗೆದ್ಬಿಡ್ರಿ. ಹುಡುಗನ ಕಡೆಯೋರು ಸ್ವಂತ ಉದ್ಯೋಗ ಅಂತ ನೋಡಿದ್ರೆ ನಗ್ತಾರೆ. ಪ್ರೂಫ್ ಅಪ್ಪಾಜಿಗೆ ತೋರಿಸಬ್ಯಾಡ್ರಿ, ನನಗೇ ಕಳಿಸ್ರಿ." ಗಾದ್ರಮ್ಮನವರು ಆಗಲೇ ನಕ್ಕಿದ್ದಾರೆ ಕಣೇ, ನನ್ನ ಜೊತೆ ಸೇರಿ ನಕ್ಕಿದ್ದಾರೆ. ಹೆಸರನ್ನು ನಾನೇ ತೆಗೆದೆ. ಗಿರಾಕಿ ಹೇಳಿದ ಮೇಲೆ ತೆಗೆಯದಿದ್ದರೆ ಆಗುತ್ತದೆಯೇ?

ನಿನ್ನೆ ಅಪ್ಪಾಜಿ ಫೋನ್ ಮಾಡಿದ್ದರು. ಮಾತು ಬಿಟ್ಟ ಮೇಲೆ ಇದೇ ಮೊದಲು. "ಹೆಸರು ಹಾಕಬ್ಯಾಡ ಅಂತ ನೀನೇ ಅಂದ್ಯಂತೆ, ಚೈತ್ರಾ ಹೇಳಿದ್ಳು. ಹೌದೇನವ್ವ?" ಎಂದು ಕೇಳಿದರು. ನಿನಗಾಗಿ ಸುಳ್ಳು ಹೇಳುವುದಿಲ್ಲ ಎಂದು ಮೇಲೆಲ್ಲ ಬರೆದಿದ್ದೇನೆ. ಒಂದು ಹೇಳಿಯಾಗಿದೆ. "ಹೂಂ ಅಪ್ಪಾಜಿ, ನಾನೇ ಬ್ಯಾಡ ಅಂದೆ," ಎಂದೆ. ಫೋನ್ ಇಡುವ ಮುಂಚೆ, "ನಾನು ಬರ್ದಿದ್ದೆ ಕಣವ್ವ," ಎಂದರು.