ಸ್ಟ್ರೆಚರ್ ತಿರುಗದ ಮೆಟ್ಟಿಲು

೧೪-೧೧-೨೦೦೬

ಮೈ ಡಿಯರ್ ಡಾಟರ್ ಇಷ್ರತ, ನಿನಗೆ ನಿನ್ನ ಅಬ್ಬಾನ ಸಾವಿರ ದುವಾ.

ನಿನ್ನ ಪತ್ರ ಓದಿ ಸಿಟ್ಟು ಬಂತು. ಚೊಚ್ಚಲ ಹೆರಿಗೆಗೆ ತವರಿಗೆ ಬರುವುದಿಲ್ಲ, ಬಾಗಲಕೋಟೆಯಲ್ಲೇ ಇರುತ್ತೇನೆ ಎಂದು ಬರೆದಿದ್ದೀಯಲ್ಲ, ಯಾರ ಮಾತು ಇದು? ಅಮ್ಮಿ ತೀರಿಕೊಂಡ ಮನೆಯಲ್ಲಿ ಬಾಣಂತನ ಮಾಡುವವರು ಯಾರು, ದವಾಖಾನೆಯನ್ನೂ ಕೆಡವಿ ಕಟ್ಟುತ್ತಿದ್ದಾರೆ ಎಂದು ನಿನ್ನ ಅತ್ತೆಯ ತಕರಾರು. ರಾಜೂರಿನಲ್ಲಿ ನಮ್ಮ ಪಕ್ಕದ ಮನೆ ಅಡಿವೆವ್ವ ಸತ್ತಿದ್ದಾಳೇನು? ಕೇಳಿದ್ದಕ್ಕೆ, "ಎಣ್ಣಿ ಹಚ್ಚೂದು, ನೀರ ಹಾಕೂದು ನನಗ ಬಿಡ್ರಿ. ನೀವು ಅಡಗಿಮನಿಯೊಳಗ ಕಾಲ ಇಡಬ್ಯಾಡ್ರಿ, ಅಷ್ಟ ಸಾಕು" ಅಂದಳು.

ಇನ್ನು ದವಾಖಾನೆ. ಮೂವತ್ತು ಹಾಸಿಗೆಯದು ನೂರು ಹಾಸಿಗೆಯದಾಗುತ್ತಿದೆ. ಒಂದು ವರ್ಷದಿಂದ ಆಗುತ್ತಲೇ ಇದೆ. ಚೀಟಿ ಕೊಡುವ ಕಿಟಕಿ ಈ ವಾರ ಮುಂದೆ ಇದ್ದರೆ ಮುಂದಿನ ವಾರ ಹಿಂದೆ. ಬಿಪಿ ಗುಳಿಗೆಗೆ ಹೋದವನು ಸಿಮೆಂಟ್ ಚೀಲದ ಮೇಲೆ ಕೂತು ಕಾಯಬೇಕು. ಬಡಿಗತನ ಮಾಡಿದ ಕೈ ನನ್ನದು, ಕಟ್ಟಡ ಕಂಡರೆ ಟೇಪು ಹೊರಗೆ ಬರುತ್ತದೆ. ಹೆರಿಗೆ ವಾರ್ಡನ್ನು ಮಹಡಿಯ ಮೇಲೆ ಹಾಕಿದ್ದಾರೆ. ಮೆಟ್ಟಿಲು ಅಳೆದೆ. ತಿರುವಿನಲ್ಲಿ ಸ್ಟ್ರೆಚರ್ ತಿರುಗುವುದೇ ಇಲ್ಲ! ಲಿಫ್ಟ್ ಯಾವಾಗ ಎಂದರೆ ಮುಂದಿನ ವರ್ಷವಂತೆ.

ಎಂಜಿನಿಯರ್ ಸಾಹೇಬರ ಮುಂದೆ ನಿಂತು, "ವಿತ್ ಡ್ಯೂ ರಿಸ್ಪೆಕ್ಟ್ ಸರ್, ದಿಸ್ ಟರ್ನಿಂಗ್ ಈಸ್..." ಎಂದು ಶುರು ಮಾಡಿದೆ. ಪಿಯುಸಿಯಲ್ಲಿ ಕಲಿತದ್ದು, ಮುಂದಿನ ಶಬ್ದ ನೆನಪಾಗಲಿಲ್ಲ.

"ಕನ್ನಡದಾಗ ಹೇಳ್ರಿ ಅಜ್ಜಾರ. ನಕ್ಷೆ ಮ್ಯಾಲಿಂದ ಪಾಸ್ ಆಗಿ ಬಂದೇತಿ."

"ನಕ್ಷೆ ಪಾಸ್ ಆಗೇತ್ರಿ, ಬಸುರಿ ಪಾಸ್ ಆಗೂದಿಲ್ರಿ," ಅಂದೆ.

ಸುತ್ತಲಿನವರು ನಕ್ಕರು, ಸಾಹೇಬರು ನಗಲಿಲ್ಲ. ಹಾಗಾದರೆ ಪ್ರ್ಯಾಕ್ಟಿಕಲ್ ನೋಡ್ರಿ ಎಂದು ನಾನೇ ಸ್ಟ್ರೆಚರ್ ಮೇಲೆ ಮಲಗಿದೆ. ಇಬ್ಬರು ನೌಕರರು ಹೊತ್ತರು. ತಿರುವಿನಲ್ಲಿ ತಲೆ ಗೋಡೆಗೆ, ಕಾಲು ಕಂಬಿಗೆ. ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಸಾಹೇಬರು ಬೆವರು ಒರೆಸಿಕೊಂಡರು. ಮರುದಿನವೇ ಆದೇಶ ಬಂತು: ಲಿಫ್ಟ್ ಆಗುವ ತನಕ ಹೆರಿಗೆ ವಾರ್ಡು ಕೆಳಗೇ.

ನಿನ್ನನ್ನು ಹೆತ್ತಾಗ ಅಮ್ಮಿಗೆ ಅಲ್ಲಿ ಹಾಸಿಗೆ ಸಿಕ್ಕಿರಲಿಲ್ಲ. ಪಡಸಾಲೆಯಲ್ಲಿ ನಾನು ಚಾದರ ಮರೆ ಹಿಡಿದು, ಮುಖ ಹೊರಳಿಸಿಕೊಂಡು ನಿಂತಿದ್ದೆ. ನಿನಗಾದರೂ ಗೋಡೆ ಇರುವ ಕೋಣೆ ಸಿಗಲಿ ಎಂದೇ ಇಷ್ಟು ಜಗಳ. ಅತ್ತೆಗೆ ತಿಳಿಸಿ ಹೇಳು. ಕರೆಯಲು ನಾನೇ ಬರುವುದು ಪದ್ಧತಿ. ಈ ಸಲ ಅಳಿಯನೇ ಕರೆತರಲಿ.

ನಿನ್ನ ಅಬ್ಬಾ,
ಮೈನುದ್ದೀನ

ತಾ.ಕ.: ಸಿಕ್ಕಿಕೊಂಡ ಸ್ಟ್ರೆಚರ್ ಬಿಡಿಸುವಾಗ ಹಿಂದಿನವನ ಕೈ ಜಾರಿತು. ನನ್ನ ಬಲಗಾಲಿಗೆ ಪ್ಲಾಸ್ಟರ್ ಹಾಕಿದ್ದಾರೆ. ಐದು ದಿನದಿಂದ ಇದೇ ದವಾಖಾನೆಯಲ್ಲಿದ್ದೇನೆ, ಮಲಗಿಕೊಂಡೇ ಬರೆದೆ. ಅತ್ತೆಗೆ ಇದಿಷ್ಟು ಓದಿ ಹೇಳಬೇಡ. ಬಿದ್ದಾಗ ನಿನ್ನ ಅಮ್ಮಿಯ ಹೆಸರು ಹಿಡಿದು ಕೂಗಿದೆನಂತೆ. ನರ್ಸ್ ಕಮರುನ್ನಿಸಾ ಬಂದು, "ಜುಲೇಖಾ ಯಾರ್ರಿ ಚಾಚಾ? ಕರಸೋಣೇನು?" ಎಂದು ಕೇಳಿದಳು. ಮಗಳು ಬರ್ತಾಳ ಅಂದೆ.